ಒಂಟಿ ಬಳ್ಳಿಯ ಪರೀಕ್ಷೆ

ನಮ್ಮ ಅತ್ತಿಗೆಯ ಕೆಲಸ ಗಿಡಗಳಿಗೆ ಹಿಂಸೆ ಕೊಡುವುದು. ನಾನು ಹಾಗೆಂದಾಗಲೆಲ್ಲ ಮುಖ ಊದಿಸಿಕೊಳ್ಳುತ್ತಾಳೆ, ಆದರೆ ಬೇರೆ ಹೇಗೆ ಹೇಳಲಿ? ಹೊರಗಿನಿಂದ ಬಂದ ಹೊಸ ಗಿಡವನ್ನು ಮಾರಾಟಕ್ಕೆ ಬಿಡುವ ಮುನ್ನ ಅವಳ ಕಚೇರಿಯ ಗಾಜಿನ ಮನೆಯಲ್ಲಿ ಕೂಡಿಹಾಕುತ್ತಾರೆ. ಅವಳು ಅದರ ಬೇರು ಕತ್ತರಿಸುತ್ತಾಳೆ, ಕತ್ತಲಲ್ಲಿಡುತ್ತಾಳೆ, ಉಪ್ಪುನೀರು ಕುಡಿಸುತ್ತಾಳೆ. ಇಷ್ಟಾದರೂ ಚಿಗುರಿದರೆ ಅದು ಮುಂದೆ ಊರು ನುಂಗುವ ಕಳೆಯಾಗಬಹುದು, ಅನುಮತಿಯಿಲ್ಲ. ಸುಮ್ಮನೆ ಸತ್ತರೆ ಸಾಧು, ಮಾರಬಹುದು. ಮನೆಯಲ್ಲಿ ಒಂದು ಕುಂಡ ಇಡಲೂ ಅವಳು ಬಿಟ್ಟವಳಲ್ಲ.

ಅಂಥವಳು ಒಂದು ದಿನ, ಪರೀಕ್ಷೆ ಮುಗಿದು ಮಾರಾಟಕ್ಕೆ ಬಿಟ್ಟಿದ್ದ ಬಿಳಿ ಹೂವಿನ ಬಳ್ಳಿಯೊಂದನ್ನು ತಾನೇ ಹೊತ್ತು ತಂದಳು. "ಇಷ್ಟು ಪಾಪದ ಗಿಡ ನಾನು ನೋಡೇ ಇಲ್ಲ. ಹೂ ಬಿಡುತ್ತೆ, ಉದುರಿಸುತ್ತೆ, ಅಷ್ಟೆ. ಒಂದು ಕಾಯಿ ಕಚ್ಚಲ್ಲ," ಎಂದಳು. ಪಾರ್ಶ್ವವಾಯು ಬಡಿದು ಮೂರನೇ ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ನಮ್ಮ ಅಮ್ಮನ ಪಕ್ಕದ ಕಿಟಕಿಯಲ್ಲಿ ಅದನ್ನಿಟ್ಟಳು. ಅತ್ತೆ ಸೊಸೆಯರದು ಅಲ್ಲಿಯವರೆಗೆ ಎಣ್ಣೆ ಸೀಗೆಕಾಯಿ ಸಂಬಂಧ. ಅಂದಿನಿಂದ ಅಮ್ಮ ಸೊಸೆಯ ಜೊತೆ ನೆಟ್ಟಗೆ ಮಾತಾಡತೊಡಗಿದಳು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಅಮ್ಮ ಇಡೀ ದಿನ ಬಳ್ಳಿಯನ್ನೇ ನೋಡುತ್ತ ಮಲಗಿರುತ್ತಿದ್ದಳು. "ಇದು ಯಾರನ್ನೋ ಕಾಯ್ತಿದೆ ಕಣೆ," ಎಂದಳು ಒಮ್ಮೆ.

"ನಿನ್ನ ಸೊಸೇನ ಇರಬೇಕು," ಎಂದೆ. ಅಮ್ಮ ನಗಲಿಲ್ಲ. ನೋಡಿದರೆ ಕುಡಿಗಳೆಲ್ಲ ಬೆಳಕಿನ ಕಡೆಗಲ್ಲ, ಕೆಳಗಿನ ರೈಲು ಹಳಿಯಾಚೆ, ಎದುರು ಕಟ್ಟಡದ ಖಾಲಿ ಮನೆಯ ಕಡೆಗೆ ಚಾಚಿದ್ದವು. ಕುಂಡ ತಿರುಗಿಸಿಟ್ಟೆ. ಕೆಲವು ದಿನಗಳಲ್ಲಿ ಮತ್ತೆ ಅತ್ತಲೇ ಹೊರಳಿದವು.

ಆಮೇಲೆ ಆ ಖಾಲಿ ಮನೆಗೆ ಬಾಡಿಗೆಯವರು ಬಂದರು. ಅವರ ಬಾಲ್ಕನಿಯಲ್ಲಿ ಅದೇ ಬಳ್ಳಿ, ಹೂ ಮಾತ್ರ ಕೆಂಪು. ಹೊಸ ತಳಿಯಂತೆ. ಗಿಡ ಅದೇ ತಾನೇ ಎಂದು ಅದಕ್ಕೆ ಬೇರೆ ಪರೀಕ್ಷೆಯೂ ಆಗಿರಲಿಲ್ಲ. ಸ್ವಲ್ಪ ದಿನಕ್ಕೇ ಅಮ್ಮನ ಬಳ್ಳಿ ಕಾಯಿ ಕಚ್ಚಿತು.

ಅದನ್ನು ಕಂಡ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು. "ಗಾಜಿನ ಮನೇಲಿ ಸಾಲು ಸಾಲು ಕುಂಡ ಇಟ್ಟಿದ್ದೆ," ಎಂದಳು. "ಎಲ್ಲಾ ಒಂದೇ ಬಳ್ಳಿಯಿಂದ ಕತ್ತರಿಸಿದ ತುಂಡು. ಅಂದ್ರೆ ನಾನು ನೋಡಿದ್ದು ಒಂದೇ ಗಿಡ. ಬೇರೆ ಬಳ್ಳಿಯ ಪರಾಗ ಬಿದ್ದು ಜೊತೆ ಸಿಕ್ಕಿದ್ರೆ ಏನು ಮಾಡುತ್ತೆ ಅಂತ ನೋಡಲೇ ಇಲ್ಲ."

ಸಸಿಗಳು ಕಾಣಿಸಿಕೊಳ್ಳತೊಡಗಿದವು. ಮೆಟ್ಟಿಲ ಬಿರುಕಿನಲ್ಲಿ, ಚರಂಡಿಯ ಜಾಲರಿಯಲ್ಲಿ, ಕೆಟ್ಟು ನಿಂತ ಲಿಫ್ಟಿನ ಕತ್ತಲೊಳಗೂ. ಒಂದನ್ನು ಕಿತ್ತರೆ ಬೆಳಗಾಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಕತ್ತಲಲ್ಲಿಟ್ಟಾಗ ತೆಪ್ಪಗೆ ಸತ್ತಿದ್ದ ಗಿಡ ಇದೇನಾ ಎಂದು ಅತ್ತಿಗೆ ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದಳು. ತಪ್ಪಾಗಿದೆ ಎಂದು ಕಚೇರಿಯಲ್ಲಿ ತಾನೇ ಹೇಳಿದಳು. ಮನೆಮನೆಯಿಂದ ಕುಂಡಗಳನ್ನು ಹಿಂದಕ್ಕೆ ಪಡೆಯುವ ಆದೇಶ ಬಂತು. ಎಲ್ಲರ ಮನೆಯದೂ ಹೋಯಿತು, ಅಮ್ಮನದೊಂದು ಉಳಿಯಿತು. ಅದನ್ನು ಕಿತ್ತುಕೊಂಡರೆ ಅಮ್ಮ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ ಎಂಬ ಭಯ ನಮ್ಮಿಬ್ಬರಿಗೂ ಇತ್ತು.

ಕೊನೆಗೊಂದು ಮಧ್ಯಾಹ್ನ ಅತ್ತಿಗೆ ಮನಸ್ಸು ಗಟ್ಟಿ ಮಾಡಿ ಕತ್ತರಿ ಹಿಡಿದು ಬಂದಳು. ಬಳ್ಳಿಯಲ್ಲಿ ಒಂದು ಹಣ್ಣೂ ಇರಲಿಲ್ಲ, ಬರೀ ತೊಟ್ಟುಗಳು.

"ಹಣ್ಣೆಲ್ಲ ಹಕ್ಕಿ ತಿಂದ್ವಾ ಅತ್ತೆ?"

ಅಮ್ಮ ಸ್ವಾಧೀನವಿದ್ದ ಎಡಗೈ ಎತ್ತಿ ತೋರಿಸಿದಳು. ಬೆರಳ ತುದಿಗಳು ಹಣ್ಣಿನ ರಸಕ್ಕೆ ನೇರಳೆಗಟ್ಟಿದ್ದವು. "ನಾನೇ ಕಿತ್ತು ಎಸೀತಿದ್ದೆ. ಕೆಳಗೆ ಗೂಡ್ಸ್ ರೈಲು ಹೋಗುತ್ತಲ್ಲ, ಮೇಲೆ ಮುಚ್ಚಿರಲ್ಲ. ಅದರೊಳಕ್ಕೆ."

"ಯಾವಾಗಿಂದ?"

"ಈ ಬಳ್ಳಿ ನನ್ನ ಕೇಳಿದಾಗಿಂದ," ಎಂದಳು ಅಮ್ಮ. "ನಾನಂತೂ ಇಲ್ಲಿಂದ ಏಳೋ ಹಾಗಿಲ್ಲ. ಅದಾದ್ರೂ ಹೋಗಲಿ ಅಂತ."

ಅಮ್ಮ ಅಷ್ಟು ನೆಮ್ಮದಿಯಿಂದ ಮಾತಾಡಿದ್ದನ್ನು ನಾನು ಕೇಳಿ ವರ್ಷಗಳೇ ಆಗಿದ್ದವು. ಅತ್ತಿಗೆ ಬಯ್ಯಲಿಲ್ಲ. ನನ್ನ ಕಡೆ ತಿರುಗಿ, ಆ ರೈಲು ಎಲ್ಲೆಲ್ಲಿಗೆ ಹೋಗುತ್ತದೆ ಎಂದಷ್ಟೇ ಕೇಳಿದಳು. ನನಗೆ ಗೊತ್ತಿತ್ತು. ಬೆರಳು ಮಡಚುತ್ತ ಊರುಗಳನ್ನು ಎಣಿಸಿದೆ, ಎರಡು ಕೈಯ ಬೆರಳೂ ಸಾಲಲಿಲ್ಲ.