ಮ್ಯೂಟ್ ಮಾಡದ ಹದಿನೈದು ನಿಮಿಷ

ಇಳಕಲ್ಲಿನ ಆ ಕಂಪ್ಯೂಟರ್ ಕೇಂದ್ರದಲ್ಲಿ ನನಗೆ ಸಹಾಯಕನ ಕೆಲಸ ಸಿಕ್ಕಿದ್ದು ಕಂಪ್ಯೂಟರ್ ಬರುತ್ತಿತ್ತು ಎಂದಲ್ಲ. ಸಂದರ್ಶನದಲ್ಲಿ ಕೇಂದ್ರದ ಮುಖ್ಯಸ್ಥರು, "ಮಂದಿ ಮುಂದ ನಿಂತು ಮಾತಾಡಾಕ ಬರ್ತೈತೇನು?" ಎಂದು ಕೇಳಿದರು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದವರನ್ನು ಬಾಗಲಕೋಟೆ ಬಸ್ಸಿನ ಕಂಡಕ್ಟರ್ ಬೈದು ಮತ್ತೆ ಹತ್ತಿಸುವ ಪರಿಯನ್ನು ಮಾಡಿ ತೋರಿಸಿದೆ. ಅವರು ನಕ್ಕರು. ಅವರು ನಕ್ಕದ್ದನ್ನೂ ಮಾಡಿ ತೋರಿಸಿದೆ. ನಗು ನಿಂತಿತು. "ನಾಳಿಂದ ಬಾ" ಅಂದರು.

ಎರಡು ಸಾವಿರದ ದಶಕದ ಕೊನೆ. ಬ್ರಾಡ್‌ಬ್ಯಾಂಡ್ ನಮ್ಮ ಕಡೆಗೆ ಹೊಸದು. ಬೆಂಗಳೂರಿನಲ್ಲಿ ಕುಳಿತ ಮೇಡಂ ಒಬ್ಬರು ಇಂಟರ್ನೆಟ್ಟಿನ ಮೂಲಕ ಬಾದಾಮಿ, ಹುನಗುಂದ, ಇಳಕಲ್ಲಿನ ಕೇಂದ್ರಗಳಿಗೆ ಒಂದೇ ಹೊತ್ತಿಗೆ ಪಾಠ ಮಾಡುವ ತರಬೇತಿ ಶುರುವಾಯಿತು. ಮೂರು ವಾರದ ಕೊನೆಗೆ ಪ್ರತಿ ಕೇಂದ್ರದಿಂದ ಒಬ್ಬರು ಇನ್ನೊಂದು ಕೇಂದ್ರದವರಿಗೆ ಹದಿನೈದು ನಿಮಿಷ ಪಾಠ ಮಾಡಿ ತೋರಿಸಬೇಕು. ಪಾಸಾದ ಕೇಂದ್ರ ಉಳಿಯುತ್ತದೆ, ಪಾಠ ಮಾಡಿದವರಿಗೆ ತರಬೇತುದಾರನ ಪ್ರಮಾಣಪತ್ರ ಸಿಗುತ್ತದೆ. ಫೇಲಾದರೆ ಬಾಗಿಲು ಹಾಕಿ, ಕಲಿಯುವವರನ್ನು ಬಾಗಲಕೋಟೆಗೆ ಕಳಿಸುತ್ತಾರೆ.

"ಬಾಗಲಕೋಟಿಗೆ ಹೋಗ್ತೀರೇನ್ರಿ ಕಾಕೂ?" ಎಂದು ನಮ್ಮ ಬ್ಯಾಚಿನ ಹಿರಿಯಳನ್ನು ಕೇಳಿದೆ. ಐವತ್ತು ದಾಟಿದ ನೇಕಾರ್ತಿ. ತಾನು ನೇಯ್ದ ಸೆರಗಿನ ಫೋಟೊಗಳನ್ನು ತಾನೇ ದೂರದ ಅಂಗಡಿಗಳಿಗೆ ಕಳಿಸಬೇಕೆಂದು ಕಲಿಯಲು ಬಂದಿದ್ದಳು.

"ದಿನಾ ಮಗ್ಗ ನಿಲ್ಲಿಸಿ ಬಸ್ ಹತ್ತಲೇನು? ಇಲ್ಲಿದ್ರ ಕಲೀತೇನಿ, ಇಲ್ಲಂದ್ರ ಬಿಡ್ತೇನಿ," ಅಂದಳು. ಹತ್ತು ಮಂದಿಯ ಬ್ಯಾಚಿನಲ್ಲಿ ಎಂಟು ಹೆಂಗಸರದೂ ಇದೇ ಲೆಕ್ಕಾಚಾರ.

ಮೊದಲ ದಿನವೇ ಪದಗಳ ಹಾಳೆಯೊಂದು ಬಂತು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಹೋಸ್ಟ್ ಎಂದರೆ ಆತಿಥೇಯ. ಮ್ಯೂಟ್ ಎಂದರೆ ಮೌನೀಕರಣ. ರೇಜ್ ಹ್ಯಾಂಡ್ ಎಂದರೆ ಹಸ್ತೋತ್ಥಾನ. ಇದನ್ನು ಓದಿದ ಮೇಲೆ ಇಂಗ್ಲಿಷೇ ನಮ್ಮ ಮನೆಮಾತು ಅನ್ನಿಸಿತು.

"ಆತಿಥೇಯ ಅಂದ್ರ ಉಪಚಾರ ಮಾಡೋರಲ್ಲೇನಪಾ?" ಎಂದಳು ಕಾಕು. "ಆ ಮೇಡಂ ಒಂದ್ ಕಪ್ ಚಹಾನೂ ಕೇಳಲಿಲ್ಲ."

"ಚಹಾ ಕೇಳೋರಲ್ರಿ. ಯಾರು ಮಾತಾಡಬೇಕು, ಯಾರು ಸುಮ್ಮಕಿರಬೇಕು ಅಂತ ಹೇಳೋರು."

"ಹಂಗಾದ್ರ ನಮ್ಮತ್ತಿ ಅನ್ನು."

ಹೋಸ್ಟ್ ಎಂಬ ಪದಕ್ಕೆ ಅದಕ್ಕಿಂತ ಒಳ್ಳೆಯ ಅರ್ಥ ನನಗೆ ಇವತ್ತಿಗೂ ಸಿಕ್ಕಿಲ್ಲ. ನಾನೇನು ಮಹಾ ಪಂಡಿತನಲ್ಲ. ನಮ್ಮ ಕೇಂದ್ರದಲ್ಲಿ ಮೈಕ್ ಇತ್ತು, ಕ್ಯಾಮೆರಾ ಇರಲಿಲ್ಲ. ಮೇಡಂ ನಮಗೆ ಕಾಣುತ್ತಿದ್ದರು, ನಾವು ಅವರಿಗೆ ಕಾಣುತ್ತಿರಲಿಲ್ಲ. ಅವರು "ರೇಜ್ ಹ್ಯಾಂಡ್ ಮಾಡಿ" ಅಂದಾಗ ಪರದೆಯ ಮೇಲಿನ ಗುಂಡಿ ಒತ್ತಬೇಕೆಂದು ತಿಳಿಯದೆ, ರಟ್ಟೆ ನೋಯುವವರೆಗೆ ನಿಜವಾದ ಕೈಯನ್ನೇ ಎತ್ತಿಕೊಂಡು ಕುಳಿತಿದ್ದೆ. ನನ್ನನ್ನು ನೋಡಿ ಉಳಿದ ಹತ್ತು ಮಂದಿಯೂ ಎತ್ತಿದ್ದರು.

ತಕರಾರು ಬಂದದ್ದು ಹೂಂಗುಟ್ಟುವುದರಲ್ಲಿ. ನಮ್ಮೂರು ನೇಕಾರರದು. ಕುಣಿಮಗ್ಗದಲ್ಲಿ ನೆಲದ ತಗ್ಗಿಗೆ ಕಾಲಿಳಿಬಿಟ್ಟು ಕುಳಿತವರ ಕಣ್ಣು ಎಳೆಯ ಮೇಲಿರುತ್ತದೆ. ಮಾತಾಡುವವರ ಮುಖ ನೋಡಿದರೆ ಎಳೆ ತಪ್ಪುತ್ತದೆ. ಆದ್ದರಿಂದ ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದನ್ನು ಬಾಯಿಯಿಂದಲೇ ತೋರಿಸಬೇಕು. ಪ್ರತಿ ಮಾತಿಗೂ ಒಂದು ಹೂಂ. ಹೂಂ ನಿಂತರೆ ಮಾತೂ ನಿಲ್ಲುತ್ತದೆ. ಕೇಳುವವರಿಲ್ಲದೆ ಹೇಳುವುದು ಹುಚ್ಚರ ಕೆಲಸ. ಮೇಡಂ ಒಂದು ವಾಕ್ಯ ಮುಗಿಸುವುದು, ನಮ್ಮ ಕೋಣೆಯಿಂದ ಹತ್ತು ಕಂಠದ "ಹೂಂರಿ" ಹೊರಡುವುದು. ಆದರೆ ನಡುವೆ ಲ್ಯಾಗ್ ಎಂಬುದೊಂದಿತ್ತು. ಇಲ್ಲಿಂದ ಹೊರಟ ದನಿ ಅಲ್ಲಿಗೆ ತಡವಾಗಿ ಮುಟ್ಟುವುದು, ಮಿಂಚಿನ ಹಿಂದೆ ಗುಡುಗು ಬಂದ ಹಾಗೆ. ನಮ್ಮ ಹೂಂ ಅವರ ಮುಂದಿನ ವಾಕ್ಯದ ನಟ್ಟನಡುವೆ ಹೋಗಿ ಬೀಳುತ್ತಿತ್ತು.

"ಇಳಕಲ್ ಸೆಂಟರ್‌ನಿಂದ ತುಂಬಾ ಶಬ್ದ ಬರ್ತಾ ಇದೆ. ನಾನೇ ಮ್ಯೂಟ್ ಮಾಡ್ತಾ ಇದ್ದೀನಿ," ಅಂದರು ಮೇಡಂ. ಹೋಸ್ಟ್‌ಗೆ ಆ ಅಧಿಕಾರವೂ ಇತ್ತು. ಅವತ್ತಿನಿಂದ ಮೂರು ವಾರ ನಮ್ಮ ಬಾಯಿಗೆ ಬೀಗ.

"ಆಕಿಗೆ ಕೇಳಸೂದಿಲ್ಲಂದ್ರ ನಾವ್ಯಾಕ ಕುಂಡ್ರಬೇಕು?" ಎಂದು ಕಾಕು ಎದ್ದೇಬಿಟ್ಟಳು. ನಾನು ಮೇಡಂ ದನಿಯಲ್ಲಿ, "ದಯವಿಟ್ಟು ಕುಳಿತುಕೊಳ್ಳಿ, ತಮ್ಮ ಮೌನೀಕರಣ ಪ್ರಗತಿಯಲ್ಲಿದೆ," ಅಂದೆ. ನಕ್ಕು ಕುಳಿತಳು. ಮೂರು ವಾರವೂ ಹೀಗೇ ಅವರನ್ನು ಹಿಡಿದಿಟ್ಟುಕೊಂಡೆ. ಮೇಡಂ ಪಾಠ ಮುಗಿದ ಮೇಲೆ ಅದೇ ಪಾಠವನ್ನು ನಾನು ಅವರ ದನಿಯಲ್ಲಿ ಶುರುಮಾಡಿ ನಮ್ಮ ದನಿಯಲ್ಲಿ ಮುಗಿಸುತ್ತಿದ್ದೆ. ಆಗ ಹೂಂಗೆ ತಡೆಯಿರಲಿಲ್ಲ, ಪದಗಳೂ ತಲೆಗೆ ಹತ್ತುತ್ತಿದ್ದವು.

ಪರೀಕ್ಷೆಯ ದಿನ ಬಂತು. ನಾನು ಬಾದಾಮಿಯ ಕೇಂದ್ರದವರಿಗೆ ಈ ಪದಗಳನ್ನೇ ಕಲಿಸಬೇಕು. ಮೇಡಂ ಬೆಂಗಳೂರಿನಿಂದ ಕೇಳಿಸಿಕೊಳ್ಳುತ್ತಾರೆ. ಆ ಹದಿನೈದು ನಿಮಿಷ ಹೋಸ್ಟ್ ನಾನೇ.

"ಬಾದಾಮಿಯವ್ರನ್ನ ಮ್ಯೂಟ್ ಮಾಡಿ ಇಡು. ಹಾಳ್ಯಾಗಿನ ಪದ ಅಷ್ಟ ಬಳಸು," ಎಂದರು ಮುಖ್ಯಸ್ಥರು. "ಮಂದಿ ನಕಲಿ ಮಾಡೂ ನಿನ್ನ ಚಟ ಮನ್ಯಾಗ ಇಟ್ಟು ಬಂದಿ ಹೌದಿಲ್ಲೋ?"

"ಅದನ್ನ ಬಿಟ್ರ ನನ್ನ ಕಡೆ ಏನೂ ಇಲ್ರಿ ಸರ್."

ಕುಳಿತೆ. ಬಾದಾಮಿಯ ಹೆಸರಿನ ಎದುರು ಮ್ಯೂಟ್ ಗುರುತಿತ್ತು. ಮೊದಲು ಅದನ್ನೇ ತೆಗೆದೆ. ಹಿಂದೆ ನಿಂತ ಮುಖ್ಯಸ್ಥರು ನನ್ನ ಭುಜ ಹಿಂಡಿದರು.

"ನೋಡ್ರಿ, ಹೋಸ್ಟ್ ಅಂದ್ರ ಮನ್ಯಾಗಿನ ಅತ್ತಿ ಇದ್ದಂಗ," ಅಂದೆ. ಅಂದು ಸುಮ್ಮನಾದೆ. ಮೇಡಂ ಬೇರೆ ಕೇಂದ್ರದವರ ಉತ್ತರಕ್ಕೆ ಕಾಯುವುದನ್ನು ಕೇಳಿ ಕೇಳಿ ಮೂರು ವಾರದಲ್ಲಿ ಲ್ಯಾಗ್‌ನ ಉದ್ದ ನನಗೆ ಬಾಯಿಪಾಠವಾಗಿತ್ತು. ಮನಸ್ಸಿನಲ್ಲೇ ಎರಡು ಎಣಿಸಿದೆ. ಬಾದಾಮಿಯಿಂದ "ಹೂಂ" ಬಂತು, ಜತೆಗೆ ಒಂದು ನಗು. ಅದು ಬಂದ ಮೇಲೆ ಎರಡನೆಯ ವಾಕ್ಯ ಹೇಳಿದೆ. ಮತ್ತೆ ಸುಮ್ಮನಾದೆ. ಯಾರ ಮಾತೂ ಯಾರ ಮೇಲೂ ಬೀಳಲಿಲ್ಲ.

ನಾಲ್ಕನೆಯ ನಿಮಿಷಕ್ಕೆ ಮೇಡಂ ನಡುವೆ ಬಂದರು. "ಬಾದಾಮಿ ಸೆಂಟರ್‌ನ ಮ್ಯೂಟ್ ಮಾಡಿ. ಇದು ಶಿಸ್ತಲ್ಲ."

"ಮೇಡಂ, ಅವರು ಗದ್ದಲ ಮಾಡಾಕತ್ತಿಲ್ರಿ, ಕೇಳಾಕತ್ತಾರ. ನಮ್ಮ ಕಡೆ ಕೇಳೂದು ಹಿಂಗ ಇರ್ತೈತಿ. ಮ್ಯೂಟ್ ಮಾಡಿದ್ರ ಪಾಠ ನಾ ಯಾರಿಗೆ ಹೇಳ್ಲಿ?"

ಲ್ಯಾಗ್ ಕಳೆದು ಉತ್ತರ ಬಂತು. "ಮುಂದುವರಿಸಿ. ಅಂಕ ಕಡಿಮೆ ಆಗುತ್ತೆ," ಅಂದರು. ಮುಂದುವರಿಸಿದೆ.

ಪಾಠ ಮುಗಿದ ಮೇಲೆ ಅವರೇ ಬಾದಾಮಿಯವರಿಗೆ ಒಂದೊಂದೇ ಪದ ಕೇಳಿದರು. ಲ್ಯಾಗ್ ಅಂದರೇನು ಎಂಬುದಕ್ಕೆ ಒಬ್ಬಾಕೆ, "ನೀವೀಗ ಕೇಳಿದ್ರಲ್ರಿ, ನಾ ಹೇಳೂದು ನಿಮಗ ಇನ್ನೂ ಮುಟ್ಟಿರೂದಿಲ್ಲ, ಅದ," ಅಂದಳು. ಹಾಳೆಯಲ್ಲಿದ್ದ ವ್ಯಾಖ್ಯೆ ಅದಲ್ಲ, ಆದರೂ ಮೇಡಂ ಸರಿ ಅಂದರು. ಒಂದೂ ಪದ ತಪ್ಪಲಿಲ್ಲ.

ವಾರದ ಮೇಲೆ ಪತ್ರ ಬಂತು. ಇಳಕಲ್ ಕೇಂದ್ರ ಮುಂದುವರಿಯಬಹುದು. ತರಬೇತುದಾರನ ಪ್ರಮಾಣಪತ್ರವನ್ನು ಮಾತ್ರ ಅಶಿಸ್ತಿನ ಕಾರಣ ತಡೆಹಿಡಿಯಲಾಗಿದೆ. ಕ್ಷಮಾಪಣೆ ಬರೆದುಕೊಟ್ಟರೆ ಕಳಿಸಲಾಗುವುದು.

ಮುಖ್ಯಸ್ಥರು ಬಿಳಿ ಹಾಳೆ, ಪೆನ್ನು ಎರಡನ್ನೂ ನನ್ನ ಮುಂದಿಟ್ಟರು. "ಎರಡ ಸಾಲು ಬರಿ, ಮುಗೀತು."

"ಕಾಕು ಬಾಗಲಕೋಟಿಗೆ ಹೋಗೂದು ತಪ್ಪಿತಲ್ರಿ?"

"ತಪ್ಪಿತು. ಅದು ಬ್ಯಾರೆ."

"ಹಂಗಾದ್ರ ಬರಿಯೂದಿಲ್ರಿ."

"ಪ್ರಮಾಣಪತ್ರ ಇಲ್ಲಂದ್ರ ನೀ ಸಹಾಯಕ ಅಂತನ ಉಳೀತಿ ಲೇ. ತರಬೇತುದಾರ ಅನ್ನಿಸ್ಕೊಳ್ಳೂದಿಲ್ಲ."

"ಇರ್ಲಿ ಬಿಡ್ರಿ. ಹೊಸ ಬ್ಯಾಚ್ ಎಷ್ಟು ಗಂಟೆಕ್ಕ?"

ಅವರು ಗಡಿಯಾರ ನೋಡಿದರು. "ಹತ್ತಕ್ಕ. ಆಗಲೇ ಹೊರಗ ಕುಂತಾರ."

ಹಾಳೆಯನ್ನು ಅಲ್ಲೇ ಬಿಟ್ಟು ಪಾಠಕ್ಕೆ ಹೋದೆ.