ದೊಡ್ಡವ್ವ ತುಳಿಯದ ಕಾಲುಮಣೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಯಾರಿಂದ ಬಂತು ಎಂದು ತಮಿಳು ಸೀಮೆಯ ನಮ್ಮ ಅನ್ನೂರಿನಲ್ಲಿ ಯಾರನ್ನು ಕೇಳಿದರೂ ನನ್ನ ದೊಡ್ಡವ್ವ ಸುಶೀಲಳ ಕಡೆ ಕೈ ತೋರಿಸುತ್ತಾರೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಕಲೆ, ಗಂಟು, ತಪ್ಪಿದ ಎಳೆ ಹುಡುಕಿ, ಮಡಿಸಿ ಇಡುವುದು ಅವಳ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತಾಳೆ. ಕೂತರೆ ಬಟ್ಟೆ ಪೂರ್ತಿ ಕಾಣುವುದಿಲ್ಲ. ಒಂದು ಎಳೆ ತಪ್ಪಿದ್ದರೂ ಸಾಕು, ನೇಯ್ದವರ ಜನ್ಮ ಜಾಲಾಡಿಬಿಡುತ್ತಾಳೆ. ಮಗ್ಗದ ಮಾಲೀಕರಿಗೂ, ಅಂದರೆ ಅವಳ ಗಂಡ ದಂಡಪಾಣಿ ದೊಡ್ಡಪ್ಪನಿಗೂ ವಿನಾಯಿತಿಯಿಲ್ಲ.

ವಿನಾಯಿತಿ ಇದ್ದದ್ದು ನನಗೊಬ್ಬಳಿಗೇ. ನಾನು ಪೀಳಮೇಡಿನ ಒಂದು ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಓದುತ್ತೇನೆ. ಜನ ದಿನಾ ಬಳಸುವ ವಸ್ತುಗಳಿಗೆ ರೂಪ ಕೊಡುವ ಓದು ಅದು. ನನ್ನ ಅವ್ವ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಯುತ್ತಾಳೆ; ನಾನು ಬೆಳೆದದ್ದೆಲ್ಲ ದೊಡ್ಡವ್ವನ ಮನೆಯಲ್ಲಿ. ಮೊದಲ ವರ್ಷ ಸೋಪಿನಲ್ಲಿ ಆಕಾರ ಕೆತ್ತಿದೆ. ಮನೆಯವರು ವಾರಗಟ್ಟಲೆ ಸೋಪಿನ ಚೂರಿನಲ್ಲೇ ಸ್ನಾನ ಮಾಡಿದರು. ಇಡ್ಲಿ ಹಿಟ್ಟಿನ ಪಾತ್ರೆಯಲ್ಲಿ ಪ್ಲಾಸ್ಟರ್ ಕಲಸಿದೆ, ಪಾತ್ರೆ ಕಲ್ಲಾಯಿತು. ಥರ್ಮೊಕೋಲ್ ಉಜ್ಜಿದರೆ ಬಿಳಿ ಪುಡಿ ಸಾರಿನವರೆಗೂ ಹೋಗುತ್ತಿತ್ತು. ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡವ್ವ, “ಮಗು ಓದ್ತಾ ಅದೆ, ಸುಮ್ನಿರಿ” ಎನ್ನುತ್ತಿದ್ದಳು. ನಾನು ಏನು ಮಾಡಿ ತೋರಿಸಿದರೂ ಒಂದೇ ಮಾತು: “ರೊಂಬ ಚೆನ್ನಾಗದೆ ಕಣ್ಣು.” ರೊಂಬ ಎಂದರೆ ಬಹಳ; ಕಣ್ಣು ಎಂದರೆ ಮುದ್ದಿನ ನಾನು. ಕುಂಟುವ ಸ್ಟೂಲೂ ಚೆನ್ನಾಗಿತ್ತು, ಸೋರುವ ಹೂಜಿಯೂ ಚೆನ್ನಾಗಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳ ಕಾಲನ್ನೇ ಆರಿಸಿಕೊಂಡೆ. ನಿಂತು ನಿಂತು ಸಂಜೆ ಹೊತ್ತಿಗೆ ಪಾದ ಊದಿ, ಚಪ್ಪಲಿ ಪಟ್ಟಿಯ ಗುರುತು ಗುಳಿ ಬೀಳುತ್ತಿತ್ತು. ನಿಂತಲ್ಲೇ ಒಂದು ಕಾಲಾದ ಮೇಲೊಂದು ಎತ್ತಿಟ್ಟುಕೊಂಡು ಕೆಲಸ ಮಾಡಲು, ಸ್ವಲ್ಪ ಓರೆಯಾದ ಒಂದು ಕಾಲುಮಣೆ ಮಾಡಿದೆ. ನಮ್ಮ ಇಳಂಗೋ ಸಾರ್ ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟರು.

“ಇದರ ಮೇಲೆ ಒಂದು ಪಾದದ ಗುರುತೂ ಇಲ್ಲವಲ್ಲಮ್ಮ. ಮನೆಯಲ್ಲಿ ಬಿಡು, ಬಳಸಿದವರ ಬೈಗುಳ ತಗೊಂಡು ಬಾ. ಬೈಗುಳವಿಲ್ಲದೆ ಇದನ್ನು ಪರೀಕ್ಷಕರ ಮುಂದೆ ಇಡಲು ನಾನು ಬಿಡುವುದಿಲ್ಲ.”

ಬೈಗುಳಕ್ಕೆ ನಮ್ಮ ಮನೆಯಲ್ಲಿ ಬರವೇ ಎಂದುಕೊಂಡು, ಕಾಲುಮಣೆಯನ್ನು ದೊಡ್ಡವ್ವನ ಮೇಜಿನಡಿ ಇಟ್ಟು ತಿರುಪ್ಪೂರಿಗೆ ತರಬೇತಿಗೆ ಹೋದೆ. ಫೋನಿನಲ್ಲಿ ಕೇಳಿದಾಗಲೆಲ್ಲ “ರೊಂಬ ಸುಖವಾಗದೆ ಕಣ್ಣು” ಎಂದಳು. ತರಬೇತಿ ಮುಗಿಸಿ ಬಂದು ನೋಡಿದರೆ ಮೇಜಿನಡಿ ಏನೂ ಇಲ್ಲ. ಕಾಲುಮಣೆ ದೇವರ ಕೋಣೆಯಲ್ಲಿ, ಚೌಡೇಶ್ವರಿ ಪಟದ ಕೆಳಗೆ, ಅರಿಶಿನ ಕುಂಕುಮ ಇಡಿಸಿಕೊಂಡು, ಸೇವಂತಿಗೆ ಮುಡಿದು ಕೂತಿತ್ತು.

“ದೊಡ್ಡವ್ವಾ! ಏನಿದು?”

“ಬೈಬೇಡ ಕಣ್ಣು. ನೀನ್ ಕೈಯಾರೆ ಮಾಡಿದ್ದು. ಅದ್ರ ಮೇಲೆ ಹೆಂಗ್ ಕಾಲಿಡ್ಲಿ?”

“ಕಾಲಿಡೋಕೇ ಅಲ್ವಾ ಮಾಡಿದ್ದು!”

“ಊರಾರು ಮಾಡಿದ್ರೆ ತುಳೀಬೋದು. ಮಗಳು ಮಾಡಿದ್ನ ತುಳೀತಾರಾ? ಪಾಪ ಸುತ್ಕೊಳ್ಳತ್ತೆ. ನಂಗೆ ಕಾಲ್ನೋವು ಪಳಗೋಗದೆ, ಬಿಡು.”

ನನಗೆ ರೇಗಿದ್ದು ಇಷ್ಟಿಷ್ಟಲ್ಲ. ಒಂದು ಕಡೆ ಪರೀಕ್ಷೆ ಹತ್ತಿರ ಬರುತ್ತಿತ್ತು. ಇನ್ನೊಂದು ಕಡೆ ಊದಿದ ಆ ಕಾಲು ಕಣ್ಣೆದುರೇ ಇತ್ತು. ಊಟ ಬಿಟ್ಟು ಮುಖ ದಪ್ಪ ಮಾಡಿಕೊಂಡು ಕೂತೆ. ದೊಡ್ಡಪ್ಪ ಪಕ್ಕಕ್ಕೆ ಬಂದು ಮೆಲ್ಲಗೆ, “ಊರಾರು ಮಾಡಿದ್ರೆ ತುಳೀತೀನಿ ಅಂದ್ಲಲ್ಲ? ಇನ್ನೊಂದು ಮಾಡು. ಮಿಕ್ಕಿದ್ದು ನಾ ನೋಡ್ಕೋತೀನಿ” ಎಂದರು.

ಇನ್ನೊಂದು ಮಾಡಿದೆ. ನನ್ನದೆಂದು ಗುರುತು ಸಿಗದಿರಲಿ ಎಂದು ಹೊಟ್ಟೆ ತೊಳಸುವಂಥ ಹಸಿರು ಬಣ್ಣ ಬಳಿದೆ. ದೊಡ್ಡಪ್ಪ ಅದನ್ನು ಗಾಂಧಿಪುರಂ ಜವಳಿ ಅಂಗಡಿಯ ಹಳೇ ಕೈಚೀಲದಲ್ಲಿ ಹಾಕಿಕೊಂಡು ಬಂದು, ಮೇಜಿನಡಿ ಎಸೆದು, “ಅಂಗಡೀಲಿ ಕಂಡ್ತು, ತಂದೆ” ಎಂದರು. ದೊಡ್ಡವ್ವ ಚಪ್ಪಲಿ ಕೂಡ ಬಿಡದೆ ಅದರ ಮೇಲೆ ಕಾಲಿಟ್ಟಳು.

ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಮಂಗಳಾರತಿ ಶುರುವಾಯಿತು.

“ಯಾವ ಮಡಯ ಮಾಡಿದ್ದು ಇದ್ನ? ಒಂಚೂರು ಒತ್ತಿದ್ರೆ ಜಾರ್ಕೊಂಡು ಗೋಡೆಗೆ ಹೋಗತ್ತೆ! ಅಂಚು ಪಾದಕ್ಕೆ ಕುಯ್ಯತ್ತೆ. ಮಾಡ್ದವನಿಗೆ ಕಾಲಿಲ್ವಾ? ಅವನ್ನ ಹೆತ್ತವ್ಳು ಏನ್ ತಿಂದು ಹೆತ್ಲೋ!”

ಹೆತ್ತವಳು ಅವಳ ಸ್ವಂತ ತಂಗಿ. ನಾನು ಅನ್ನದ ತಟ್ಟೆಯ ಮೇಲೆ ಬಗ್ಗಿ ನಗು ನುಂಗಿಕೊಂಡೆ.

ಆ ಬೈಗುಳ ಒಂದೊಂದೂ ನನಗೆ ಪ್ರಸಾದವಾಯಿತು. ಅದೇ ಹಸಿರಿನಲ್ಲಿ ಇನ್ನೊಂದು ಮಾಡಿ ಕೆಳಭಾಗಕ್ಕೆ ರಬ್ಬರ್ ಹಾಕಿದೆ, ಅಂಚು ದುಂಡಗೆ ಮಾಡಿದೆ. ಅಂಗಡಿಯವನು ಬದಲಾಯಿಸಿ ಕೊಟ್ಟ ಎಂದು ದೊಡ್ಡಪ್ಪ ಮತ್ತೊಂದನ್ನು ತಂದಿಟ್ಟರು. ಮತ್ತೆ ಮಂಗಳಾರತಿ: ಅಡಿಯಲ್ಲಿ ಹತ್ತಿ ಧೂಳು ಸೇರಿಕೊಳ್ಳುತ್ತದೆ, ಪೊರಕೆ ಹೋಗುವುದಿಲ್ಲ, ಕಾಲಿನಿಂದಲೇ ಆಚೆ ಸರಿಸಲು ಬರುವುದಿಲ್ಲ. ಮತ್ತೆ ಬದಲಾವಣೆ. “ಪಾಪ, ಆ ಅಂಗಡಿಯವ ಒಳ್ಳೇವ. ಬೇರೆಯವನಾಗಿದ್ರೆ ನಿಮ್ಮನ್ನ ಆಗ್ಲೇ ಓಡಿಸ್ತಿದ್ದ” ಎಂದು ಕೊನೆಗೆ ದೊಡ್ಡವ್ವನೇ ಸರ್ಟಿಫಿಕೇಟ್ ಕೊಟ್ಟಳು. ಅಷ್ಟರಲ್ಲಿ ಸಂಜೆಯ ಊತ ಇಳಿಯತೊಡಗಿತ್ತು. ಒಂದು ದಿನ ಬಟ್ಟೆ ಮಡಿಸುತ್ತಾ ಅವಳು ಏನೋ ಗುನುಗುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಯಾವ ಮಾರ್ಕಿಗೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಪರೀಕ್ಷೆಯ ದಿನ ಮನೆಯವರೂ ಬರಬಹುದಿತ್ತು. ನಾನು ಬೇಡ ಬೇಡವೆಂದರೂ ದೊಡ್ಡವ್ವ ರೇಷ್ಮೆ ಸೀರೆ ಉಟ್ಟು, ದೊಡ್ಡಪ್ಪನನ್ನು ಹೊರಡಿಸಿಕೊಂಡು, ಬಸ್ಸು ಹತ್ತಿ ಬಂದೇಬಿಟ್ಟಳು. ಪರೀಕ್ಷಕರು ನನ್ನ ಮೇಜಿನ ಮುಂದೆ ನಿಂತಿರುವಾಗಲೇ ಅವಳ ಕಣ್ಣು ಹಸಿರು ಮಣೆಯ ಮೇಲೆ ಬಿತ್ತು.

“ಕೃತ್ತಿಕಾ! ಇದು ಗಾಂಧಿಪುರಂ ಅಂಗಡಿಯದಲ್ಲವಾ? ನೀನು ಮಾಡಿದ್ದು ದೇವರ ಕೋಣೆಯಲ್ಲಿದೆಯಲ್ಲ, ಅದನ್ನು ಬಿಟ್ಟು ಇದನ್ನು ಯಾಕೆ ತಂದೆ?”

ಮನೆಯಿಂದ ಹೊರಗೆ ಬಂದರೆ ನಮ್ಮವರ ಬಾಯಿಗೆ ತಮಿಳೇ ಬರುವುದು. ಹಾಗಾಗಿ ಇಡೀ ಹಾಲಿಗೆ ಅರ್ಥವಾಯಿತು. ಪರೀಕ್ಷಕರೊಬ್ಬರು ಕನ್ನಡಕ ತೆಗೆದು, “ಅಂಗಡಿಯಿಂದ ತಂದದ್ದಾ?” ಎಂದು ನನ್ನನ್ನೇ ನೋಡಿದರು. ನನ್ನ ಓದೆಲ್ಲ ನೀರುಪಾಲಾಯಿತು ಎಂದುಕೊಂಡೆ.

ದೊಡ್ಡಪ್ಪ ಮುಂದೆ ಬಂದರು. “ಅಂಗಡಿಯೂ ಇಲ್ಲ ಗಿಂಗಡಿಯೂ ಇಲ್ಲ ಸಾರ್. ನಮ್ಮ ಹುಡುಗಿಯೇ ಮಾಡಿದ್ದು. ಇವಳಿಗೆ ನಿಜ ಹೇಳಿದ್ದರೆ ಇದೂ ದೇವರ ಕೋಣೆ ಸೇರುತ್ತಿತ್ತು.”

ನಾನು ಬೈಗುಳ ತಿಂದ ಹಳೇ ಮಣೆಗಳನ್ನೆಲ್ಲ ಮೇಜಿನಡಿಯಿಂದ ತೆಗೆದು ಸಾಲಾಗಿ ಇಟ್ಟೆ. ಯಾವುದಕ್ಕೆ ಏನು ಬಿತ್ತು ಎಂದು ಒಂದೊಂದೇ ಹೇಳಿದೆ. ಹೆತ್ತವಳ ಮಾತನ್ನೂ ಬಿಡಲಿಲ್ಲ. ಇಳಂಗೋ ಸಾರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕನ್ನಡಕದ ಪರೀಕ್ಷಕರೂ ನಕ್ಕರು.

ದೊಡ್ಡವ್ವ ನಗಲಿಲ್ಲ. ಬಗ್ಗಿ ಹಸಿರು ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಯಿತು, ಇನ್ನು ಈ ಜನ್ಮದಲ್ಲಿ ಇದರ ಮೇಲೂ ಕಾಲಿಡುವುದಿಲ್ಲ. ಆಮೇಲೆ ಮಾರ್ಕು ಬಂದರೆಷ್ಟು, ಬಿಟ್ಟರೆಷ್ಟು?

“ದೊಡ್ಡವ್ವಾ, ಕೈ ಮುಗೀತೀನಿ. ಇದ್ನೂ ಪೂಜೆಗೆ ಇಡ್ಬೇಡ” ಎಂದೆ. ಎಲ್ಲರೆದುರೇ ಅಳು ಬಂದುಬಿಟ್ಟಿತು.

ಅವಳು ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. ಆಮೇಲೆ ನಮ್ಮ ಮನೆಯ ಮಾತಿನಲ್ಲಿ, “ನಿನ್ನ ಈ ಕಾಲ್ ಮೇಲೇ ಮಲಗಿಸ್ಕೊಂಡು ನೀರ್ ಹಾಕ್ದೆ. ಒಂದಿನಾನೂ ಭಾರ ಅನ್ಲಿಲ್ಲ. ನಾ ಇದ್ರ ಮೇಲೆ ಕಾಲಿಟ್ರೆ ನೀನೂ ಭಾರ ಅನ್ನಲ್ಲ, ಅಲ್ವಾ?” ಎಂದಳು. ಚಪ್ಪಲಿ ಬಿಟ್ಟು, ಬರಿಗಾಲನ್ನು ಮಣೆಯ ಮೇಲಿಟ್ಟಳು. ಮೈಭಾರವನ್ನೆಲ್ಲ ಊರಿ, ಬಟ್ಟೆ ನೋಡುವಾಗಿನ ಹಾಗೆ ಹುಬ್ಬು ಗಂಟು ಹಾಕಿದಳು.

“ಎಡಗಡೆ ಒಂಚೂರು ಅಲ್ಲಾಡತ್ತೆ ಕಣ್ಣು. ಸರಿ ಮಾಡು.”

ನನ್ನ ಕೆಲಸ ಎಂದು ಗೊತ್ತಿದ್ದೂ ಅವಳು ತೋರಿಸಿದ ಮೊದಲನೆಯ ತಪ್ಪು ಅದು. ಅಷ್ಟು ಕೃತಜ್ಞತೆಯಿಂದ ನಾನು ಯಾರ ಮಾತನ್ನೂ ಕೇಳಿಲ್ಲ. ಅಲ್ಲೇ ಅವಳ ಪಾದದ ಪಕ್ಕ ಮಂಡಿಯೂರಿ ಕೂತು ತಿರುಪು ಬಿಗಿದೆ. ಅವಳು ಕಾಲು ತೆಗೆಯಲಿಲ್ಲ.