ಲೋಹಿತನ ಮೊದಲ ಸಾಲು

ಕೆಲಸಕ್ಕೆ ಹೊಸಬ ಬಂದರೆ ನಾವು ಮೊದಲ ದಿನವೇ ಅವನ ಮನೆತನದ ಅಡ್ಡಹೆಸರು ಕೇಳುತ್ತೇವೆ. ಯಾಕೆ ಕೇಳುತ್ತೇವೆ ಎಂಬುದು ಕೇಳುವವರಿಗೂ ಗೊತ್ತು, ಹೇಳುವವನಿಗೂ ಗೊತ್ತು.

ಸಪ್ತಾಪುರದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಕೋಣೆಗೆ ೨೦೦೩ರಲ್ಲಿ ಸೇರಿದ ಲೋಹಿತನನ್ನೂ ಕೇಳಿದರು. ಹೇಳಿದ. ಮರುದಿನದಿಂದ ಪಕ್ಕದ ಮೇಜಿನ ಗೀತಾಂಜಲಿ ಊಟದ ಡಬ್ಬಿಯನ್ನು ಗೋಡೆ ಕಡೆ ತಿರುಗಿ ಬಿಚ್ಚತೊಡಗಿದಳು.

ವರ್ಷದ ಗುತ್ತಿಗೆ ನೌಕರಿ. ತಂಗಿ ನೀಲಾಳ ಬಿ.ಎಡ್. ಓದು ಅದೇ ಪಗಾರದ ಮೇಲೆ ನಿಂತಿತ್ತು. ಗುತ್ತಿಗೆ ಮುಂದುವರಿಯುವುದು, ಬಿಡುವುದು ಮೇಲ್ವಿಚಾರಕ ಶಶಿಕಾಂತರ ಕೈಯಲ್ಲಿತ್ತು. ಕೆಲಸವೆಂದರೆ ಲಿನಕ್ಸ್ ಯಂತ್ರದ ಮುಂದೆ ಕೂತು, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ದಿನವಿಡೀ ಹುಡುಗರ ಅಂಕ ದಾಖಲಿಸುವುದು.

ಒಂದು ದಿನ ಶಶಿಕಾಂತರೇ ಹುರುಪಿನಿಂದ ಕಲಿಸಿದರು. "ಕಪ್ಪು ನೋಡಿ ನೋಡಿ ಕಣ್ಣು ಹೋದಾವು. ಬಣ್ಣ, ಅಕ್ಷರ ನಿಮಗ ಬೇಕಾದ್ಹಂಗ ಮಾಡ್ಕೊಳ್ರಿ. ಕಿಟಕಿ ತಗದ ಕೂಡ್ಲೆ ತಾನ ಒಂದು ಸಾಲು ಬರೂಹಂಗನೂ ಬರಕೋಬಹುದು."

ಹಾಳೆಯ ನೆತ್ತಿಗೆ ಶ್ರೀಕಾರ ಹಾಕಿ ಬೆಳೆದವರು ಇನ್ನೇನು ಬರೆದಾರು? ಮೂರನೆಯ ಮೇಜಿನ ಉಳವಪ್ಪ ಓಂ ನಮಃ ಶಿವಾಯ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ. ಗೀತಾಂಜಲಿ ಚುಕ್ಕಿ, ಗೆರೆ, ಕಂಸ ಜೋಡಿಸಿ ಸೊಂಡಿಲಿನ ಗಣಪತಿಯನ್ನೇ ಕೂರಿಸಿದಳು. "ಭಾರೀ ಆತವಾ!" ಎಂದರು ಶಶಿಕಾಂತ. ಲೋಹಿತ ಕಿಟಕಿಗೆ ನೀಲಿ ಬಣ್ಣ ತುಂಬಿ, ಬಿಳಿ ಅಕ್ಷರದಲ್ಲಿ ಅವ್ವ ಮುತ್ತವ್ವ ದಿನಾ ಮುಂಜಾನೆ ಅನ್ನುವುದನ್ನೇ ಬರೆದ: ಜೈ ಭೀಮ್.

ಶಶಿಕಾಂತ ಅವನ ಬೆನ್ನ ಹಿಂದೆ ಬಂದು ನಿಂತರು. "ಇದೇನೋ ಲೋಹಿತ? ಆಫೀಸನ್ಯಾಗ ರಾಜಕೀಯ ತರಬ್ಯಾಡ."

"ರಾಜಕೀಯ ಎಲ್ಲೈತ್ರಿ ಸರ? ಅವರೂ ಬರಕೊಂಡಾರಲ್ರಿ."

"ಅದು ದೇವ್ರಪಾ."

"ನಮ್ಮ ಮನ್ಯಾಗ ಎದ್ದ ಕೂಡ್ಲೆ ಅನ್ನೂದು ಇದನ್ನರಿ."

ಗೀತಾಂಜಲಿ ಕಿಸಕ್ಕನೆ ನಕ್ಕಳು. "ನಾಳೆ ಮೆರವಣಿಗಿನೂ ಇಲ್ಲೇ ತರ್ತಾನ್ರಿ ಸರ." ಉಳವಪ್ಪ ಕೀಲಿಮಣೆ ನೋಡುತ್ತ ಕೂತಿದ್ದ.

ಸೋಮವಾರ ಬಂದು ನೋಡಿದರೆ ನೀಲಿ ಹೋಗಿತ್ತು. "ಎಲ್ಲಾರದ್ದೂ ತಗದೇನಿ," ಎಂದರು ಶಶಿಕಾಂತ. "ಇನ್ನ ಎಲ್ಲಾರಿಗೂ ಒಂದ. ಭೇದಭಾವ ಇಲ್ಲ. ಖುಷಿ ಆತಿಲ್ಲೊ?"

ಲೋಹಿತ ಕಿಟಕಿ ತೆರೆದ. ಗೀತಾಂಜಲಿಯ ಗಣಪತಿ ಬಂದು ಕೂತ. ಬದಲಿಸಲು ಹೋದರೆ, ನಿನಗೆ ಅಧಿಕಾರವಿಲ್ಲ ಎಂದಿತು ಯಂತ್ರ.

ಗಣಪತಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತನ್ನದನ್ನು ಒರೆಸಿದ ಜಾಗದಲ್ಲಿ ದಿನಾ ಅದನ್ನೇ ನೋಡುವುದು ಬೇಡವಾಗಿತ್ತು. ಹಾಗಾಗಿ ಬಂದ ಕೂಡಲೇ ಪರದೆ ಖಾಲಿ ಮಾಡುವ ಆಜ್ಞೆ ಒತ್ತಿ ಕೆಲಸ ಶುರು ಮಾಡುತ್ತಿದ್ದ. ಆ ಆಜ್ಞೆಯನ್ನು ಎಲ್ಲರೂ ದಿನಕ್ಕೆ ಹತ್ತಾರು ಸಲ ಒತ್ತುತ್ತಾರೆ. ಗೀತಾಂಜಲಿ ಕೂಗಿದ್ದು ಅವನು ಒತ್ತಿದಾಗ: "ಸರ, ದೇವ್ರನ್ನ ಅಳಸಾಕತ್ತಾನ್ರಿ!"

ಸಂಜೆ ಸೈಕಲ್ ತೆಗೆಯುವಾಗ ಉಳವಪ್ಪ ಪಿಸುಗುಟ್ಟಿದ. "ನಿಂದ ಖರೇ ಐತಿ ದೋಸ್ತ. ಆದ್ರ ನಂದೂ ಗುತ್ತಿಗಿ ಜೂನದಾಗ ಮುಗೀತೈತಿ."

ಜೂನ್ ಬಂತು. ಉಳವಪ್ಪ ಉಳಿದ. ಲೋಹಿತನಿಗೆ ಹೊಂದಿಕೊಳ್ಳುವ ಸ್ವಭಾವ ಇಲ್ಲವಂತೆ. ಈಗ ಊರಾಚೆ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲಾರಿಗೆ ಪೆಟ್ಟಿಗೆ ಏರಿಸುತ್ತಾನೆ. ನೀಲಾ ಓದು ಬಿಟ್ಟಳು.

ಉಳವಪ್ಪ ಕೆಟ್ಟವನಲ್ಲ. ನಿಮ್ಮಷ್ಟೇ ಒಳ್ಳೆಯವನು. ನಿಮ್ಮ ಆಫೀಸಿನಲ್ಲೂ ಒಬ್ಬ ಲೋಹಿತ ಇದ್ದಾನೆ. ಸಾಹೇಬರು ಅವನ ಬೆನ್ನ ಹಿಂದೆ ಬಂದು ನಿಂತಾಗ ಕೀಲಿಮಣೆ ನೋಡಬೇಡಿ. ಏಳಿ. ಅವನದು ಅಳಿಸುವುದಾದರೆ ಮೊದಲು ನನ್ನದು ಅಳಿಸಿ ಎನ್ನಿ. ಸೈಕಲ್ ಹತ್ತಿರ ಅಲ್ಲ, ಸಾಹೇಬರ ಮುಂದೆ ಎನ್ನಿ.